ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಎಳೆತದ ನಂತರ: 200 ಮೀಟರ್‌ಗೆ ಮರಳುವುದು ಯಾವಾಗ, ಅಲ್ಲಿಯತನಕ ಮೀಟ್‌ನಲ್ಲಿ ಯಾವ ಕೆಲಸ ಕೊಡಬಹುದು?

ನಾಲ್ಕನೇ ಲೇನ್

ನಮ್ಮ ಮಾಸ್ಟರ್ಸ್ (35 ದಾಟಿದವರ) ಗುಂಪಿನ ಓಟಗಾರರೊಬ್ಬರ ಪರವಾಗಿ ಕೇಳುತ್ತಿದ್ದೇನೆ. ವಯಸ್ಸು 58, ಅಂದರೆ ಎಂ55 (55–59 ವಯಸ್ಸಿನ ಪುರುಷರ) ವಿಭಾಗ. ಓಡುವುದು 200 ಮತ್ತು 400 ಮೀಟರ್. ಮೂರು ವಾರದ ಹಿಂದೆ ಬಾಗು ಮುಗಿಸಿ ನೇರ ಟ್ರ್ಯಾಕಿಗೆ ಬರುವಾಗ ಬಲ ತೊಡೆಯ ಹಿಂಭಾಗ ಹಿಡಿದುಕೊಂಡಿತು. ಒಳಗೆ 'ಟಪ್' ಎಂದ ಹಾಗೆ ಆಗಲಿಲ್ಲ, ಚರ್ಮ ನೀಲಿಗಟ್ಟಲಿಲ್ಲ. ವೈದ್ಯರು ನೋಡಿ ಸಣ್ಣ ಎಳೆತ ಅಂದಿದ್ದಾರೆ. ಈಗ ನಡೆಯುವಾಗ, ಮೆಟ್ಟಿಲು ಹತ್ತುವಾಗ, ನಿಧಾನವಾಗಿ ಜಾಗಿಂಗ್ ಮಾಡುವಾಗ ನೋವಿಲ್ಲ. ಹೆಜ್ಜೆ ಉದ್ದ ಮಾಡಿದ ಕೂಡಲೇ ಬಿಗಿಯುತ್ತದೆ.

ಐದು ವಾರದ ನಂತರ ನಮ್ಮ ಗುಂಪೇ ನಡೆಸುವ ಅಥ್ಲೆಟಿಕ್ಸ್ ಮೀಟ್ ಇದೆ. ಅದರಲ್ಲಿ 200 ಓಡಬಹುದೇ, ಯಾವ ಪರೀಕ್ಷೆ ಪಾಸಾದರೆ ಓಡಬಹುದು? ಓಡಲಾಗದಿದ್ದರೆ ಸ್ವಯಂಸೇವಕರಾಗಿ ಇಡೀ ದಿನ ಕೆಲಸ ಮಾಡಲು ಅವರು ಸಿದ್ಧ. ಉದ್ದ ಜಿಗಿತದ ಪಿಟ್‌ನಲ್ಲಿ, ಫಿನಿಶ್ ಲೈನ್‌ನಲ್ಲಿ, ಎಸೆತದ ಕಡೆ ನಮಗೆ ಜನ ಕಡಿಮೆ. ಕಾಲಿಗೆ ತೊಂದರೆಯಾಗದ ಕೆಲಸ ಯಾವುದು?

ಫಿಸಿಯೋ ಮೇಜು

ಜಾಗಿಂಗ್‌ನಲ್ಲಿ ನೋವಿಲ್ಲ ಅನ್ನುವುದನ್ನು ಲೆಕ್ಕಕ್ಕೆ ತಗೋಬೇಡಿ ಸರ್. ಸ್ಪ್ರಿಂಟ್‌ನಲ್ಲಿ ಹ್ಯಾಮ್‌ಸ್ಟ್ರಿಂಗ್ ಸಾಮಾನ್ಯವಾಗಿ ಹರಿಯುವುದು ಕಾಲು ಮುಂದಕ್ಕೆ ಬೀಸಿ, ಪಾದ ನೆಲ ಮುಟ್ಟುವುದಕ್ಕೆ ಸ್ವಲ್ಪ ಮೊದಲು. ಆಗ ಸ್ನಾಯು ಉದ್ದವಾಗುತ್ತಲೇ ಕಾಲಿನ ವೇಗಕ್ಕೆ ಬ್ರೇಕ್ ಹಾಕುತ್ತಿರುತ್ತದೆ. ಓಟದ ವೇಗ ಪೂರ್ಣಕ್ಕೆ ಹತ್ತಿರವಾದಾಗ ಈ ಹೊರೆ ಕಡಿದಾಗಿ ಏರುತ್ತದೆ. ಶೇ. 70ರಲ್ಲಿ ಹಾಯಾಗಿ ಓಡಿದ ಕಾಲು ಶೇ. 90ರಲ್ಲಿ ಕೈಕೊಡುವುದು ಇದೇ ಕಾರಣಕ್ಕೆ.

ಮೊದಲು ನೋವಿನ ಜಾಗ ಹುಡುಕಿ. ಅವರನ್ನು ಬೋರಲು ಮಲಗಿಸಿ, ಕೂತಾಗ ಆಸನಕ್ಕೆ ಒತ್ತುವ ಪೃಷ್ಠದ ಮೂಳೆಯಿಂದ ಕೆಳಕ್ಕೆ ಬೆರಳಿನಿಂದ ಒತ್ತುತ್ತಾ ಬನ್ನಿ. ಅತಿ ಹೆಚ್ಚು ನೋಯುವ ಬಿಂದು ಆ ಮೂಳೆಗೆ ಹತ್ತಿರವಿದ್ದಷ್ಟೂ ಗುಣವಾಗಲು ಹೆಚ್ಚು ಕಾಲ ಬೇಕು, ಸ್ನಾಯುರಜ್ಜುವಿಗೂ ಪೆಟ್ಟಾಗಿರುವ ಸಾಧ್ಯತೆ ಇರುತ್ತದೆ. ಹಾಗಿದ್ದರೆ ಎಂಆರ್‌ಐ ಬಗ್ಗೆ ವೈದ್ಯರನ್ನು ಕೇಳಿ, ಈ ಮೀಟ್‌ನ ಆಸೆ ಬಿಡಿ. ತೊಡೆಯ ನಡುಭಾಗದಲ್ಲಿದ್ದರೆ ಆಶೆ ಇಟ್ಟುಕೊಳ್ಳಬಹುದು.

ವ್ಯಾಯಾಮ ಹೀಗೆ ಏರಿಸಿ. ಆರಂಭಕ್ಕೆ ಅಲುಗಾಡದೆ ಹಿಡಿಯುವ ಬ್ರಿಜ್: ಅಂಗಾತ ಮಲಗಿ ಹಿಮ್ಮಡಿ ನೆಲಕ್ಕೂರಿ ಸೊಂಟ ಎತ್ತಿ 30 ಸೆಕೆಂಡ್, ಐದು ಸಲ, ಮೊದಲು ಎರಡೂ ಕಾಲಿನಲ್ಲಿ, ನಂತರ ಒಂದೇ ಕಾಲಿನಲ್ಲಿ. ಅದು ಸಲೀಸಾದರೆ ನುಣುಪಾದ ನೆಲದ ಮೇಲೆ ಹಿಮ್ಮಡಿಯಡಿ ಬಟ್ಟೆಯಿಟ್ಟು, ಸೊಂಟ ಎತ್ತಿದ ಭಂಗಿಯಲ್ಲೇ ಕಾಲನ್ನು ನಿಧಾನವಾಗಿ ಚಾಚುವುದು, 3 ಸೆಟ್, ತಲಾ 6. ಜೊತೆಗೆ ರೊಮೇನಿಯನ್ ಡೆಡ್‌ಲಿಫ್ಟ್ (ತೂಕ ಹಿಡಿದು, ಮೊಣಕಾಲು ಹೆಚ್ಚು ಮಡಿಸದೆ ಸೊಂಟದಿಂದ ಬಾಗಿ ಏಳುವುದು) 3 ಸೆಟ್, ತಲಾ 8. ನಾರ್ಡಿಕ್ (ಮೊಣಕಾಲೂರಿ, ಪಾದಗಳನ್ನು ಹಿಡಿಸಿಕೊಂಡು, ಮೈಯನ್ನು ನಿಧಾನವಾಗಿ ಮುಂದಕ್ಕೆ ಇಳಿಸುವುದು) ಕೊನೆಗೆ. ಐವತ್ತು ದಾಟಿದವರಿಗೆ ಎದೆಗೆ ರಬ್ಬರ್ ಪಟ್ಟಿಯ ಆಧಾರ ಕೊಟ್ಟು ಶುರು ಮಾಡಿಸಿ, ವಾರಕ್ಕೆ ಒಂದೋ ಎರಡೋ ದಿನ, 2 ಸೆಟ್, ತಲಾ 4 ಸಾಕು. ಹೆಚ್ಚಿನವರು ಎಡವುವುದು ದಿನಗಳ ಜೋಡಣೆಯಲ್ಲಿ: ನಾರ್ಡಿಕ್ ಮಾಡಿದ ಮರುದಿನವೇ ವೇಗದ ಓಟ ಇಟ್ಟುಕೊಳ್ಳುತ್ತಾರೆ. ಈ ವಯಸ್ಸಿನಲ್ಲಿ ಎರಡರ ನಡುವೆ 72 ಗಂಟೆ ಬಿಡಿ. ಬಿಗಿತ ಹೋಗಲಿ ಅಂತ ದಿನಾ ಜೋರಾಗಿ ಸ್ಟ್ರೆಚ್ ಮಾಡುವುದೂ ಬೇಡ. ಕೂಡುತ್ತಿರುವ ಎಳೆಗಳನ್ನು ಅದು ಮತ್ತೆ ಜಗ್ಗುತ್ತದೆ.

ಓಟಕ್ಕೆ ಸಮತಟ್ಟಾದ ನೇರ ದಾರಿ, ಸಾಮಾನ್ಯ ಶೂ. 20 ಮೀಟರ್ ವೇಗ ಏರಿಸಿ, 20 ಮೀಟರ್ ಅದೇ ವೇಗ, ಆಮೇಲೆ ನಿಲ್ಲಲು ಕನಿಷ್ಠ 30 ಮೀಟರ್. ಥಟ್ಟನೆ ನಿಲ್ಲುವುದು ಓಟಕ್ಕಿಂತ ಹೆಚ್ಚು ಜಗ್ಗುತ್ತದೆ, ಆದ್ದರಿಂದ ನಿಲ್ಲುವ ಜಾಗ ಯಾವತ್ತೂ ಕಡಿಮೆ ಮಾಡಬೇಡಿ. ಶೇ. 60 ವೇಗದಲ್ಲಿ 6 ಸಲ ಓಡಿ, ಮರುದಿನ ಬೆಳಿಗ್ಗೆ ಬಗ್ಗಿ ಸಾಕ್ಸ್ ಹಾಕುವಾಗ ಹಿಂದಿನ ದಿನಕ್ಕಿಂತ ಬಿಗಿ ಇಲ್ಲದಿದ್ದರೆ ಮುಂದಿನ ಅಭ್ಯಾಸಕ್ಕೆ ಶೇ. 5 ಏರಿಸಿ. ಬಿಗಿ ಇದ್ದರೆ ಅದೇ ವೇಗ ಮತ್ತೊಮ್ಮೆ. ಶೇ. 90 ಆದ ಮೇಲೆ ಸ್ಪೈಕ್ಸ್, ಅದಾದ ಮೇಲೆ ಬಾಗು. ಬಾಗನ್ನೂ ಮೊದಲು 7 ಅಥವಾ 8ನೇ ಲೇನ್‌ನಲ್ಲಿ ಓಡಿಸಿ, ಅಲ್ಲಿ ತಿರುವು ಸಡಿಲ.

ಪಾಸ್ ಆಗಬೇಕಾದ್ದು ಮೂರು. ಒಂದು, 60 ಸೆಂ.ಮೀ. ಎತ್ತರದ ಪೆಟ್ಟಿಗೆಯ ಮೇಲೆ ಒಂದು ಹಿಮ್ಮಡಿ ಇಟ್ಟು, ಮೊಣಕಾಲು ಸುಮಾರು 20 ಡಿಗ್ರಿ ಮಡಿಸಿ ಸೊಂಟ ಎತ್ತಿ ಇಳಿಸುವುದು. ಎರಡೂ ಕಾಲಿನಲ್ಲಿ 25 ಆಗಬೇಕು, ವ್ಯತ್ಯಾಸ ಎರಡು ಮೂರಕ್ಕಿಂತ ಹೆಚ್ಚಿರಬಾರದು. ಎರಡು, ಒತ್ತಿದರೆ ಎಲ್ಲೂ ನೋವಿರಬಾರದು. ಇವೆರಡೂ ಆದ ಮೇಲಷ್ಟೇ ಮೂರನೆಯದು: ಅಂಗಾತ ಮಲಗಿ, ಒಳ್ಳೆಯ ಕಾಲನ್ನು ಬೆಂಚಿಗೆ ಬಿಗಿದು, ಪೆಟ್ಟಾದ ಕಾಲನ್ನು ಮಡಿಸದೆ ಸಾಧ್ಯವಾದಷ್ಟು ವೇಗವಾಗಿ ಮೇಲಕ್ಕೆ ಮೂರು ಸಲ ಬೀಸುವುದು. ನೋವಿಲ್ಲದಿದ್ದರೂ ಕಾಲು ಹಿಂಜರಿದರೆ ಅದು ಫೇಲ್. ಇವೆಲ್ಲ ಮುಗಿದು, ರೇಸ್‌ಗೆ ಮೊದಲು ಪೂರ್ಣ ವೇಗದ ಎರಡು ಅಭ್ಯಾಸ ಆಗಿರಬೇಕು. ಐದು ವಾರದಲ್ಲಿ ಇಷ್ಟೂ ಹಿಡಿಯುವುದು ಕಷ್ಟ, ಅಸಾಧ್ಯವಲ್ಲ.

ಪಿಟ್ ಪಕ್ಕ

ಕೆಲಸದ ವಿಷಯಕ್ಕೆ ಬರುತ್ತೇನೆ. ಪಿಟ್‌ನಲ್ಲಿ ಜನ ಕಡಿಮೆ ಅಂತ ಅವರ ಕೈಗೆ ಮರಳು ಎಳೆಯುವ ಕುಂಟೆ ಮಾತ್ರ ಕೊಡಬೇಡಿ. ಮೊಣಕಾಲು ನೆಟ್ಟಗಿಟ್ಟು ಸೊಂಟದಿಂದ ಮುಂದೆ ಬಾಗಿ ಎಳೆಯುವುದೆಂದರೆ ಹ್ಯಾಮ್‌ಸ್ಟ್ರಿಂಗ್ ಉದ್ದವಾಗಿ ಮೈಭಾರ ಹೊರುವುದು. 15 ಜನರಿಗೆ ಮೂರು ಸುತ್ತಾದರೂ 45 ಸಲ. ಮೇಲೆ ಹೇಳಿದ ಡೆಡ್‌ಲಿಫ್ಟ್‌ನ ಲೆಕ್ಕ ಇದರ ಮುಂದೆ ಏನೂ ಅಲ್ಲ.

ಅದೇ ಪಿಟ್‌ನಲ್ಲಿ ಅವರಿಗೆ ಸರಿಯಾದ ಜಾಗ ಗಾಳಿ ಮಾಪಕ. ಕುರ್ಚಿ ಹಾಕಿ ಕೂರಬಹುದು. ಮಾಪಕ ಟೇಕಾಫ್ ಲೈನ್‌ನಿಂದ 20 ಮೀಟರ್ ಹಿಂದೆ, ರನ್‌ವೇಯಿಂದ 2 ಮೀಟರ್ ಒಳಗೆ, 1.22 ಮೀಟರ್ ಎತ್ತರದಲ್ಲಿ ಇರಬೇಕು. ಉದ್ದ ಜಿಗಿತದಲ್ಲಿ ಜಿಗಿತಗಾರರು ಟೇಕಾಫ್ ಲೈನ್‌ನಿಂದ 40 ಮೀಟರ್ ಹಿಂದಿನ ಗುರುತು ದಾಟಿದಾಗ ಒತ್ತಿ, 5 ಸೆಕೆಂಡ್ ಅಳೆಯಬೇಕು. ಟ್ರಿಪಲ್ ಜಂಪ್‌ಗೆ ಗುರುತು 35 ಮೀಟರ್‌ಗೆ. ಮಾಸ್ಟರ್ಸ್ ಮೀಟ್‌ಗಳಲ್ಲಿ ತಪ್ಪುವುದು ಇಲ್ಲೇ: ಹಿರಿಯ ವಿಭಾಗದವರು ಎಷ್ಟೋ ಸಲ 40 ಮೀಟರ್‌ಗಿಂತ ಕಡಿಮೆ ದೂರದಿಂದ ಓಡಿ ಬರುತ್ತಾರೆ, ಅವರು ಗುರುತು ದಾಟುವುದೇ ಇಲ್ಲ, ಮಾಪಕದವರು ಕಾಯುತ್ತಾ ಕೂರುತ್ತಾರೆ. ಅಂಥವರಿಗೆ ಓಟ ಶುರುವಾದ ಕ್ಷಣದಿಂದ ಅಳೆಯಬೇಕು. ಓದಿದ್ದನ್ನು (ಸೆಕೆಂಡಿಗೆ ಮೀಟರ್‌ನಲ್ಲಿ; ಬೆನ್ನ ಹಿಂದಿನ ಗಾಳಿ +, ಎದುರು ಗಾಳಿ −) ಧನ ದಿಕ್ಕಿನಲ್ಲಿ ಮುಂದಿನ ದಶಮಾಂಶಕ್ಕೆ ಏರಿಸಿ ಬರೆಯಿರಿ: +2.03 ಬಂದರೆ +2.1, −2.03 ಬಂದರೆ −2.0. +2.0 ದಾಟಿದರೂ ಜಿಗಿತ ಸ್ಪರ್ಧೆಗೆ ಸಿಂಧು. ದಾಖಲೆಗೆ ಮಾತ್ರ ಆಗುವುದಿಲ್ಲ. 'ಗಾಳಿ ಹೆಚ್ಚು' ಅಂತ ಯಾರ ಜಿಗಿತವನ್ನೂ ಫೌಲ್ ಬರೆದುಬಿಡಬೇಡಿ.

ಎಸೆತದ ಕಡೆಯಾದರೆ ತೂಕದ ಮೇಜು ಒಳ್ಳೆಯದು, ಅವರು ಕೂತು ನೋಡಿ ಬರೆಯಲಿ, ತಕ್ಕಡಿಗೆ ಎತ್ತಿಡಲು ಬೇರೆಯವರಿರಲಿ. ಮಾಸ್ಟರ್ಸ್‌ನಲ್ಲಿ ಈ ಕೆಲಸಕ್ಕೆ ನಿಜವಾದ ಗಮನ ಬೇಕು. ಗುಂಡು ಪುರುಷರಿಗೆ ಎಂ35ರಿಂದ ಎಂ45ರ ತನಕ 7.26 ಕೆ.ಜಿ., ಎಂ50 ಮತ್ತು ಎಂ55ಕ್ಕೆ 6, ಎಂ60 ಮತ್ತು ಎಂ65ಕ್ಕೆ 5, ಎಂ70 ಮತ್ತು ಎಂ75ಕ್ಕೆ 4, ಎಂ80 ಮೇಲೆ 3. ಮಹಿಳೆಯರಿಗೆ ಡಬ್ಲ್ಯು45ರ ತನಕ 4, ಡಬ್ಲ್ಯು50ರಿಂದ ಡಬ್ಲ್ಯು70ರ ತನಕ 3, ಡಬ್ಲ್ಯು75 ಮೇಲೆ 2. ಸಣ್ಣ ಮೀಟ್‌ಗಳಲ್ಲಿ ನಾಲ್ಕೈದು ವಿಭಾಗಗಳನ್ನು ಒಟ್ಟಿಗೆ ಎಸೆಸುತ್ತಾರೆ, ಹೆಕ್ಕಿ ತಂದವರು 5 ಮತ್ತು 6 ಕೆ.ಜಿ. ಗುಂಡುಗಳನ್ನು ಒಂದೇ ಕಡೆ ಇಡುತ್ತಾರೆ, ಎಂ55ರವರು 5 ಕೆ.ಜಿ. ಎಸೆದು ಮುಗಿಸಿರುತ್ತಾರೆ. ಆ ಎಸೆತ ಲೆಕ್ಕಕ್ಕೆ ಬರುವುದಿಲ್ಲ. ತೂಕಕ್ಕೊಂದು ಬಣ್ಣದ ಟೇಪ್, ಸ್ಪರ್ಧಿಗಳ ಪಟ್ಟಿಯಲ್ಲಿ ಹೆಸರಿನ ಪಕ್ಕ ಅದೇ ಬಣ್ಣದ ಚುಕ್ಕೆ, ಸರ್ಕಲ್ ಪಕ್ಕ ಬಣ್ಣಕ್ಕೊಂದು ಬುಟ್ಟಿ. ಗುಂಡು, ಡಿಸ್ಕಸ್, ಜಾವೆಲಿನ್ ಹೆಕ್ಕಿ ತರುವ ಕೆಲಸ ಇವರಿಗೆ ಬೇಡ. ಎಸೆತ ತಮ್ಮ ಕಡೆ ತಿರುಗಿದರೆ ಥಟ್ಟನೆ ಓಡಬೇಕಾಗುತ್ತದೆ, ಅವರ ಕಾಲು ಈಗ ಅದಕ್ಕೆ ಸಿದ್ಧವಿಲ್ಲ. ಯಾರೇ ಹೆಕ್ಕಿದರೂ ಕೈಯಲ್ಲಿ ಹೊತ್ತು ತರಬೇಕು, ವಾಪಸ್ ಎಸೆಯಬಾರದು.

ಹರ್ಡಲ್ಸ್ ಜೋಡಿಸುವ ತಂಡವಂತೂ ಬೇಡವೇ ಬೇಡ. ಎಂಟು ಲೇನ್‌ಗೆ 80 ಹರ್ಡಲ್, ವಿಭಾಗ ಬದಲಾದಾಗಲೆಲ್ಲ ಎತ್ತರ ಮತ್ತು ಅಂತರ ಎರಡೂ ಬದಲು.

ಸ್ಟಾಪ್‌ವಾಚ್

ಫಿನಿಶ್ ಲೈನ್‌ನಲ್ಲಿ ಕೈ ಗಡಿಯಾರದ ತಂಡವಿದ್ದರೆ ಅಲ್ಲೂ ಜಾಗವಿದೆ, ಆದರೆ ಮೆಟ್ಟಿಲು ಸ್ಟ್ಯಾಂಡ್‌ನ ಕೆಳಗಿನ ಸಾಲು ಕೊಡಿ. ಗನ್ನಿನ ಸದ್ದಿಗಲ್ಲ, ಹೊಗೆ ಅಥವಾ ಮಿಂಚು ಕಂಡಾಗ ಒತ್ತುವುದು. ನಿಲ್ಲಿಸುವುದು ಮುಂಡ ಗೆರೆಗೆ ಬಂದಾಗ. ತಲೆ, ಕೈ, ಕಾಲು ಲೆಕ್ಕಕ್ಕಿಲ್ಲ. 27.83 ಬಂದರೆ 27.9 ಅಂತ ಬರೆಯಬೇಕು, ಕೆಳಕ್ಕೆ ಇಳಿಸುವಂತಿಲ್ಲ. ಮೂರು ಗಡಿಯಾರದಲ್ಲಿ ಎರಡು ಒಂದೇ ತೋರಿಸಿದರೆ ಅದು, ಮೂರೂ ಬೇರೆಯಾದರೆ ನಡುವಿನದು, ಎರಡೇ ಇದ್ದು ಬೇರೆ ಬೇರೆ ತೋರಿಸಿದರೆ ಹೆಚ್ಚಿನದು. ಬರೆದುಕೊಳ್ಳುವ ಮೊದಲು ಪಕ್ಕದವರನ್ನು ಕೇಳಿ ಹೊಂದಿಸಿಕೊಳ್ಳುವ ಅಭ್ಯಾಸ ಹಲವರಿಗಿದೆ. ಮೂರು ಗಡಿಯಾರ ಇಟ್ಟ ಉದ್ದೇಶವೇ ಅಲ್ಲಿಗೆ ಹಾಳು.

ಸ್ಪರ್ಧೆಯ ಬಗ್ಗೆ ಒಂದು ಸಲಹೆ: ಅವರು 200 ಬಿಟ್ಟು 400ಕ್ಕೆ ಹೆಸರು ಕೊಡಲಿ. ಗರಿಷ್ಠ ವೇಗ ಅಷ್ಟು ಬೇಕಿಲ್ಲ. ಬ್ಲಾಕ್ಸ್ ಕೂಡ ಬೇಡ. ಮಾಸ್ಟರ್ಸ್‌ನಲ್ಲಿ ಬ್ಲಾಕ್ಸ್, ಬಗ್ಗಿದ ಸ್ಟಾರ್ಟ್ ಎರಡೂ ಕಡ್ಡಾಯವಲ್ಲ, ನಿಂತೇ ಓಟ ಶುರು ಮಾಡಬಹುದು.

ಫಿಸಿಯೋ ಮೇಜು

ನಿಂತ ಸ್ಟಾರ್ಟ್ ಒಪ್ಪುತ್ತೇನೆ, 400 ಒಪ್ಪಲು ಅರ್ಧ ಮನಸ್ಸು. ಕೊನೆಯ 100 ಮೀಟರ್‌ನಲ್ಲಿ ದಣಿದಾಗ ಓಟಗಾರರು ಹೆಜ್ಜೆಯನ್ನು ಮುಂದಕ್ಕೆ ಚಾಚಿ ಹಾಕುತ್ತಾರೆ, ಪಾದ ಮೈಗಿಂತ ಬಹಳ ಮುಂದೆ ಬೀಳುತ್ತದೆ. ಅಪಾಯದ ಭಂಗಿ ಅದೇ. ಅಭ್ಯಾಸದಲ್ಲಿ ರೇಸ್ ವೇಗದ 300 ಮೀಟರ್ ಒಮ್ಮೆಯಾದರೂ ಸ್ವಚ್ಛವಾಗಿ ಮುಗಿಸಿದ್ದರೆ ಮಾತ್ರ 400. ರಿಲೇಗೆ ಜನ ಕಡಿಮೆ ಅಂತ ಕರೆದರೆ ಕಳಿಸಬೇಡಿ. ಕಾದು ಕಾದು ತಣ್ಣಗಾದ ಕಾಲಿನಲ್ಲಿ ಥಟ್ಟನೆ ಪೂರ್ಣ ವೇಗಕ್ಕೆ ಹೋಗಬೇಕಾಗುತ್ತದೆ.

ಕೂತು ಮಾಡುವ ಕೆಲಸಕ್ಕೂ ಒಂದು ಎಚ್ಚರಿಕೆ. ನೋವು ಪೃಷ್ಠದ ಮೂಳೆಯ ಹತ್ತಿರವಿದ್ದರೆ ಗಟ್ಟಿ ಕುರ್ಚಿ ಅದನ್ನೇ ಒತ್ತುತ್ತದೆ. ದಪ್ಪ ಮೆತ್ತೆ ಕೊಡಿ, 20–30 ನಿಮಿಷಕ್ಕೊಮ್ಮೆ ಎದ್ದು ಓಡಾಡಲಿ.

ಬಾಗಿನ ಹೊರಲೇನ್

ಔಷಧಿಯ ಮಾತು ಯಾರೂ ಎತ್ತಿಲ್ಲ. ಈ ವಯಸ್ಸಿನಲ್ಲಿ ಅದು ಮುಖ್ಯ. ಸಿಪ್ರೋಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಗುಂಪಿನ ಆಂಟಿಬಯೋಟಿಕ್‌ಗಳು ಸ್ನಾಯುರಜ್ಜುಗಳಿಗೆ, ಅದರಲ್ಲೂ ಹಿಮ್ಮಡಿಯ ಅಕಿಲೀಸ್‌ಗೆ ಹಾನಿ ಮಾಡಬಲ್ಲವು. 60 ದಾಟಿದವರಲ್ಲಿ, ಸ್ಟೀರಾಯ್ಡ್ ಜೊತೆಗೆ ತೆಗೆದುಕೊಳ್ಳುವವರಲ್ಲಿ ಅಪಾಯ ಇನ್ನೂ ಹೆಚ್ಚು. ಯಾವುದೇ ಸೋಂಕಿಗೆ ಔಷಧಿ ಬರೆಸಿಕೊಳ್ಳುವಾಗ ತಾವು ಸ್ಪ್ರಿಂಟರ್ ಅಂತ ಹೇಳಲಿ, ತೆಗೆದುಕೊಳ್ಳಲೇಬೇಕಾದರೆ ವೇಗದ ಓಟ ನಿಲ್ಲಿಸಲಿ.

ನೋವು ಬೇಗ ಹೋಗಲಿ ಅಂತ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಳ್ಳುವವರಿದ್ದಾರೆ. 2022ರಿಂದ ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಯಮದಂತೆ ಸ್ಪರ್ಧೆಯ ಅವಧಿಯಲ್ಲಿ ಗ್ಲುಕೋಕಾರ್ಟಿಕಾಯ್ಡ್ ಎಂಬ ಈ ಸ್ಟೀರಾಯ್ಡ್‌ನ ಎಲ್ಲ ಬಗೆಯ ಇಂಜೆಕ್ಷನ್ ನಿಷಿದ್ಧ, ಕೀಲಿಗೆ ಹಾಕಿಸಿದ್ದೂ ಸೇರಿ. ಬಿಪಿಗೆ ಕೊಡುವ ಹೈಡ್ರೊಕ್ಲೋರೋಥಯಾಜೈಡ್‌ನಂಥ ಮೂತ್ರವರ್ಧಕಗಳು ಎಲ್ಲ ಕಾಲಕ್ಕೂ ನಿಷಿದ್ಧ ಪಟ್ಟಿಯಲ್ಲಿವೆ, ಅವನ್ನು ಬಿಪಿಯ ಇತರ ಔಷಧಿಗಳ ಜೊತೆ ಒಂದೇ ಮಾತ್ರೆಯಲ್ಲಿ ಸೇರಿಸಿರುತ್ತಾರೆ. ಮಾತ್ರೆ ನಿಲ್ಲಿಸಬೇಡಿ. ವೈದ್ಯರನ್ನು ಕೇಳಿ ಬೇರೆಯದಕ್ಕೆ ಬದಲಿಸಬಹುದೇ ನೋಡಿ, ಆಗದಿದ್ದರೆ ಚಿಕಿತ್ಸಾ ವಿನಾಯಿತಿಗೆ ಅರ್ಜಿ ಹಾಕಿ.

ಇನ್ನೊಂದು, ದೀರ್ಘ ವಿಮಾನ ಪ್ರಯಾಣದ ನಂತರ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದನ್ನು ಎಳೆತ ಅಂತ ತಿಕ್ಕಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ವೈದ್ಯರಿಗೆ ತೋರಿಸಿ. ಜೊತೆಗೆ ಉಸಿರಾಟಕ್ಕೆ ಕಷ್ಟವಾದರೆ ತುರ್ತು ಚಿಕಿತ್ಸೆಗೇ ಹೋಗಬೇಕು.

ನಾಲ್ಕನೇ ಲೇನ್

ಎಲ್ಲರಿಗೂ ಧನ್ಯವಾದ. ಒತ್ತಿ ನೋಡಿದೆವು, ನೋವು ತೊಡೆಯ ನಡುಭಾಗದಲ್ಲಿದೆ. ಪೆಟ್ಟಿಗೆಯ ಬ್ರಿಜ್ ಎಡಗಾಲಿನಲ್ಲಿ 24, ಬಲಗಾಲಿನಲ್ಲಿ 13. ಗಾಳಿ ಮಾಪಕಕ್ಕೆ ಅವರ ಹೆಸರು ಬರೆದಿದ್ದೇವೆ. ಅದೇ ದಿನ ಮಾಪಕವೂ 400 ಓಟವೂ ಎರಡೂ ಆಗುತ್ತದೆಯೇ? ತೊಡೆಗೆ ಬಿಗಿ ಪಟ್ಟಿ ಹಾಕಿದರೆ ಸಹಾಯವೇ?

ಫಿಸಿಯೋ ಮೇಜು

13 ಅಂದರೆ ಬಲಗಾಲಿನ ಶಕ್ತಿ ಎಡಗಾಲಿನ ಅರ್ಧಕ್ಕಿಂತ ಸ್ವಲ್ಪವೇ ಮೇಲಿದೆ. ಮೂರು ವಾರ ಕಳೆದು ಮತ್ತೆ ಎಣಿಸಿ, ಆಗಲೂ 20 ಮುಟ್ಟದಿದ್ದರೆ ಹೆಸರು ವಾಪಸ್ ತಗೊಳ್ಳಿ. ಬಿಗಿ ಪಟ್ಟಿ, ನಿಯೊಪ್ರೀನ್ ಶಾರ್ಟ್ಸ್ ಕಾಲನ್ನು ಬೆಚ್ಚಗಿಡುತ್ತವೆ, ಹರಿಯುವುದನ್ನು ತಡೆಯುವುದಿಲ್ಲ. ನೋವಿನ ಮಾತ್ರೆ ನುಂಗಿ ಓಡುವುದು ಬೇಡ, ನಿಲ್ಲು ಅನ್ನುವ ಸೂಚನೆ ಮುಚ್ಚಿಹೋಗುತ್ತದೆ.

ಪಿಟ್ ಪಕ್ಕ

ಎರಡೂ ಮಾಡುವುದಾದರೆ ಓಟಕ್ಕೆ 90 ನಿಮಿಷ ಮೊದಲು ಮಾಪಕ ಇನ್ನೊಬ್ಬರಿಗೆ ಒಪ್ಪಿಸಬೇಕು. ಅದರಲ್ಲಿ 40 ನಿಮಿಷ ವಾರ್ಮ್‌ಅಪ್‌ಗೆ. ಕಾಲ್ ರೂಮ್‌ನಲ್ಲಿ (ಓಟಕ್ಕೆ ಮೊದಲು ಸ್ಪರ್ಧಿಗಳನ್ನು ಸೇರಿಸುವ ಕೋಣೆ) ಕೂರಿಸಿದರೆ ಅಲ್ಲೇ ನಿಂತು ಕಾಲು ಬೀಸುತ್ತಿರಲಿ, ಟ್ರ್ಯಾಕ್ ಪ್ಯಾಂಟ್ ಕೊನೆಯ ಕ್ಷಣದ ತನಕ ತೆಗೆಯದಿರಲಿ. ಬದಲಿಗೆ ಬರುವವರನ್ನು ಬೆಳಿಗ್ಗೆಯೇ ಒಂದು ಸುತ್ತು ಪಕ್ಕದಲ್ಲಿ ಕೂರಿಸಿ ಮಾಪಕ ಕಲಿಸಿಬಿಡಿ. ಜಿಗಿತದ ನಡುವೆ ಕಲಿಸಹೋದರೆ ಒಬ್ಬಿಬ್ಬರ ಗಾಳಿ ಓದು ತಪ್ಪಿಯೇ ಹೋಗುತ್ತದೆ, ಅವರ ಜಿಗಿತ ದಾಖಲೆಗೆ ಅರ್ಹವಾಗಿದ್ದರೂ ಆಮೇಲೆ ತೋರಿಸಲು ಏನೂ ಇರುವುದಿಲ್ಲ.