ಪದಚರ್ಚೆ: ಗೋಡೆಗೆ ಹಾಕುವ ಹಳೇ ಊರಿನ ಫೋಟೋಗೆ ಏನನ್ನೋಣ? ಪಟವಾ, ಸೀನರಿಯಾ?

ಗೆಳೆಯರೇ,

ಒಂದು ಸಣ್ಣ ಪೇಚಿಗೆ ಸಿಕ್ಕಿಕೊಂಡಿದ್ದೇನೆ. ನಮ್ಮ ಅಕ್ಕ ಮನೆಯ ಹಾಲ್‌ಗೆ ಹಂಪಿಯ ಹಳೇ ಫೋಟೋ ಒಂದನ್ನು ದೊಡ್ಡದಾಗಿ ಮಾಡಿಸಿ ಹಾಕಿದ್ದಾಳೆ. 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದದ್ದು, ಮೇಣ ಹಾಕಿದ ಕಾಗದದ ನೆಗೆಟಿವ್ ಮೇಲೆ. ವಿಠ್ಠಲ ದೇವಸ್ಥಾನದ ಕಲ್ಲಿನ ರಥ. ಆದರೆ ನಾವು ಕಂಡ ರಥವಲ್ಲ, ಅದರ ತಲೆ ಮೇಲೆ ಇಟ್ಟಿಗೆಯ ಗೋಪುರ ಇನ್ನೂ ಇದೆ. ಈ ರಥದ ಚಿತ್ರವಿರುವ ಐವತ್ತು ರೂಪಾಯಿ ನೋಟನ್ನು ಪಕ್ಕದಲ್ಲಿ ಹಿಡಿದು ನೋಡಿ, ಏನು ಹೋಯಿತು ಅಂತ ಗೊತ್ತಾಗುತ್ತದೆ.

ಇದರ ಕೆಳಗೆ ಹಾಕಲು ಕನ್ನಡದಲ್ಲಿ ಎರಡು ಸಾಲು ಬರೆದುಕೊಡು ಅಂದಳು. ಅಂಗಡಿಯವರ ಚೀಟಿಯಲ್ಲಿ ‘ವಿಂಟೇಜ್ ಕಲೋನಿಯಲ್ ಟ್ರಾವೆಲ್ ಫೋಟೋಗ್ರಫಿ, ವಾಲ್ ಆರ್ಟ್’ ಅಂತಿತ್ತು. ನಾನು ನಿಘಂಟು ಹಿಡಿದು ಕೂತು ‘ವಸಾಹತುಶಾಹಿ ಕಾಲದ ಪುರಾತನ ಪ್ರವಾಸಿ ಛಾಯಾಚಿತ್ರ ಭಿತ್ತಿಕಲೆ’ ಎಂದು ಬರೆದೆ. ಭಾವ ಓದಿ, "ಇದೇನು, ತಹಸೀಲ್ದಾರ್ ನೋಟೀಸಾ?" ಅಂದರು.

ಭಾವ ಹೇಳಿದ್ದು ಸರಿ. ‘ಭಿತ್ತಿ’ ಬಂದರೆ ಅದು ಗೋಡೆಯ ಮೇಲೇ ಬರೆದ ಚಿತ್ರ. ಸಾಗರದ ಕಡೆ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರ ಗೋಡೆಯದು. ಮೊಳೆಗೆ ನೇತು ಹಾಕಿ, ಬೇಡವಾದಾಗ ಇಳಿಸಿ ಅಟ್ಟಕ್ಕೆ ಹಾಕುವುದು ಗೋಡೆಯದಲ್ಲ. ಹಾಗಾಗಿ ‘ಭಿತ್ತಿಕಲೆ’ಯನ್ನು ಕೈಬಿಟ್ಟೆ. ‘ಗೋಡೆಕಲೆ’ಯನ್ನಂತೂ ಕೇಳಲೇಬೇಡಿ. ಗೋಡೆಯ ಮೇಲಿನ ಕಲೆ ಅಂದರೆ ನಮ್ಮಲ್ಲಿ ಮಳೆನೀರು ಇಳಿದ ಗುರುತು!

ಇನ್ನು ‘ಪಟ’. ಇದು ನನಗೆ ಇಷ್ಟವಾದ ಮಾತು. ಮೂಲದಲ್ಲಿ ಬಟ್ಟೆ, ಅದಕ್ಕೇ ಗಾಳಿಪಟವೂ ಇದೆ, ಹಾಯಿಪಟವೂ ಇದೆ. ದೇವರ ಪಟ ಇಲ್ಲದ ಮನೆ ಎಲ್ಲಿದೆ? ಹಳಬರು ‘ಪಟ ತೆಗೆಸ್ಕೊಂಡೆ’ ಅಂತಲೇ ಹೇಳುತ್ತಿದ್ದರು. ಒಂದೇ ತೊಡಕು: ಪಟ ಅಂದರೆ ಕಣ್ಣೆದುರು ಬರುವುದು ದೇವರು, ಇಲ್ಲವೇ ಹಾರ ಹಾಕಿಸಿಕೊಂಡ ಅಜ್ಜ. ‘ಅವನು ಪಟ ಆಗಿ ಗೋಡೆ ಸೇರಿದ’ ಅಂದರೆ ಏನರ್ಥ ಅಂತ ನಿಮಗೆ ಗೊತ್ತು. ಹಂಪಿಯ ರಥಕ್ಕೆ ಈ ಮಾತು ಹೊಂದುತ್ತದಾ? ಗೋಪುರ ಹೋದದ್ದನ್ನು ನೆನೆದರೆ ಹೊಂದುತ್ತದೆ ಅಂತಲೂ ಅನಿಸುತ್ತದೆ.

ಅಕ್ಕನ ಅತ್ತೆಯವರು ಮಾತ್ರ ಒಂದು ಕ್ಷಣವೂ ಯೋಚಿಸಲಿಲ್ಲ. "ಸೀನರಿ ಚೆನ್ನಾಗಿದೆ, ಯಾವೂರಿದು?" ಅಂದರು. ಅಲ್ವಾ? ಊರು, ಬೆಟ್ಟ, ಜಲಪಾತದ ಚಿತ್ರ ಗೋಡೆ ಮೇಲಿದ್ದರೆ ಅದು ಸೀನರಿ. ಇಂಗ್ಲಿಷಿನಿಂದ ಬಂದರೂ ಅರ್ಥ ನಮ್ಮದು: ಅಲ್ಲಿ ಅದು ಎದುರಿಗಿರುವ ದೃಶ್ಯ, ನಮ್ಮಲ್ಲಿ ಮೊಳೆಗೆ ನೇತುಬಿದ್ದ ಚಿತ್ರ. ಆ ಕಾಲದ ಫೋಟೋಗ್ರಾಫರುಗಳು ಇವನ್ನು ‘ವ್ಯೂ’ ಅಂತ ಮಾರುತ್ತಿದ್ದರು. 1863ರಲ್ಲಿ ಇಂಡಿಯಾಕ್ಕೆ ಬಂದ ಸ್ಯಾಮುಯೆಲ್ ಬೋರ್ನ್ ಹಿಮಾಲಯ, ಕಾಶ್ಮೀರ ಸುತ್ತಿ ತೆಗೆದವಕ್ಕೆಲ್ಲ ನಂಬರ್ ಇತ್ತು. ಕ್ಯಾಟಲಾಗ್ ನೋಡಿ ಬೇಕಾದ ನಂಬರ್ ತರಿಸಿಕೊಂಡು ಆಲ್ಬಮ್‌ಗೆ ಅಂಟಿಸಿಕೊಳ್ಳುತ್ತಿದ್ದರು. ಆ ‘ವ್ಯೂ’ಗೆ ‘ನೋಟ’ ಅನ್ನಬಹುದು. ‘ಪ್ರವಾಸಿ ಛಾಯಾಚಿತ್ರ’ ಬೇಡ, ಅದು ಸ್ಕೂಲ್ ಟ್ರಿಪ್ಪಿನ ಗ್ರೂಪ್ ಫೋಟೋ ಥರ ಕೇಳಿಸುತ್ತದೆ.

‘ವಿಂಟೇಜ್’ ಹತ್ತಿರ ನಾನು ಜಾಸ್ತಿ ಹೊತ್ತು ನಿಂತೆ. ಫೋಟೋ ಸಂಗ್ರಹಿಸುವವರ ಮಾತಿನಲ್ಲಿ ವಿಂಟೇಜ್ ಪ್ರಿಂಟ್ ಅಂದರೆ ನೆಗೆಟಿವ್ ತೆಗೆದ ಆಸುಪಾಸಿನಲ್ಲೇ ಮಾಡಿದ ಪ್ರತಿ. ಅಕ್ಕನ ಗೋಡೆ ಮೇಲಿರುವುದು ಕಂಪ್ಯೂಟರ್‌ನಿಂದ ಮೊನ್ನೆ ಅಚ್ಚಾಗಿ ಬಂದದ್ದು. ನೋಟ ಹಳೆಯದು, ಪ್ರತಿ ಹೊಸದು. ‘ಹಳೇ ಫೋಟೋ’ ಅಂದರೆ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ಇದಕ್ಕೆ ‘ಪಡಿಯಚ್ಚು’ ಅಂದರೆ ಹೇಗೆ? ಮಗು ಅಪ್ಪನ ಪಡಿಯಚ್ಚು ಅನ್ನುತ್ತೇವಲ್ಲ, ಅದೇ.

ಬಣ್ಣಕ್ಕಂತೂ ಕನ್ನಡದಲ್ಲಿ ಬಹಳ ಒಳ್ಳೆಯ ಮಾತಿದೆ. ಕಾಗದಕ್ಕೆ ಮೊಟ್ಟೆಯ ಬಿಳಿ ಸವರಿ ಮಾಡುತ್ತಿದ್ದ ಆಗಿನ ಪ್ರತಿಗಳು ಕಂದುಬಣ್ಣದವು, ವರ್ಷ ಕಳೆದಂತೆ ಹಳದಿಗೆ ತಿರುಗಿ ಮಾಸುತ್ತವೆ. ನಮ್ಮಲ್ಲಿ ‘ಕಂದು’ ಬಣ್ಣದ ಹೆಸರೂ ಹೌದು, ಮಾಸುವ ಕೆಲಸವೂ ಹೌದು. ಎರಡೂ ಒಂದೇ ಮಾತಿನಲ್ಲಿ! ಅಂಗಡಿಯವರು ಸೀಪಿಯಾ ಅಂತ ಕೊಟ್ಟದ್ದು ಮಾತ್ರ ಕಂದಿದ್ದಲ್ಲ, ಬೇಕೆಂದೇ ಕಂದಿಸಿದ್ದು.

ಕೊನೆಗೆ ಕಾಲದ ಮಾತು. ‘ವಸಾಹತುಶಾಹಿ’ ಪುಸ್ತಕಕ್ಕೆ ಸರಿ, ಹಾಲ್‌ಗೆ ಭಾರ. ‘ಬ್ರಿಟಿಷರ ಕಾಲದ’ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಈ ಚಿತ್ರಕ್ಕೆ ಅದಕ್ಕಿಂತ ಕರಾರುವಾಕ್ಕಾದ ಮಾತಿದೆ, ‘ಕುಂಪಣಿ ಕಾಲದ’, ಅಂದರೆ ಈಸ್ಟ್ ಇಂಡಿಯಾ ಕಂಪನಿ ಆಳುತ್ತಿದ್ದ ಕಾಲದ. ಕುಂಪಣಿ ಆಡಳಿತ ಮುಗಿದದ್ದು 1858ರಲ್ಲಿ, ಹಂಪಿ ಆಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಬೋರ್ನ್ ತೆಗೆದವಕ್ಕೆ ಈ ಹೆಸರು ಸಲ್ಲುವುದಿಲ್ಲ. ಲಿನ್ನಿಯಸ್ ಟ್ರೈಪ್ 1854ರಲ್ಲಿ ತೆಗೆದ ಬೇಲೂರು, ಹಳೇಬೀಡಿನ ಚಿತ್ರಗಳಿಗೆ? ಕಾಲ ಕುಂಪಣಿಯದೇ. ಆದರೆ ಸೀಮೆ ಮೈಸೂರಿನದು, ಆಡಳಿತ ಬ್ರಿಟಿಷ್ ಕಮಿಷನರದು, ಅರಸರು ಹೆಸರಿಗಷ್ಟೇ. 1881ರಲ್ಲಿ ರಾಜ್ಯ ಅರಸರಿಗೆ ವಾಪಸ್ ಬಂದ ಮೇಲಿನ ಮೈಸೂರು ಫೋಟೋಗಳಿಗೆ ನಮ್ಮಜ್ಜಿಯಾದರೆ ಸುಮ್ನೆ ‘ಮಹಾರಾಜರ ಕಾಲದ್ದು’ ಅನ್ನುತ್ತಿದ್ದರು. ಅಂಗಡಿಯವರು ಇವೆಲ್ಲವನ್ನೂ ‘ಕಲೋನಿಯಲ್’ ಅನ್ನುವ ಒಂದೇ ಮೂಟೆಗೆ ತುಂಬಿಬಿಟ್ಟಿದ್ದಾರೆ.

ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಹಂಪಿಯ ಕಲ್ಲಿನ ರಥ, ಗೋಪುರ ಇದ್ದಾಗ. ಕುಂಪಣಿ ಕಾಲದ ನೋಟ, 1856. ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೋದ ಪಡಿಯಚ್ಚು.’

ನನ್ನ ಪ್ರಶ್ನೆ ಎರಡು. ಯಂತ್ರದಲ್ಲಿ ಅಚ್ಚಾದ ಪ್ರತಿಗೆ ‘ಪಡಿಯಚ್ಚು’ ಅಂದರೆ ನಿಮ್ಮ ಕಿವಿಗೆ ಸರಿ ಅನಿಸುತ್ತದಾ, ಅಥವಾ ಅದು ಮನುಷ್ಯರ ಮುಖಕ್ಕೆ ಮೀಸಲಾ? ಎರಡನೆಯದು ಫ್ರೇಮ್ ಬಗ್ಗೆ. ನಮ್ಮ ಕಡೆ ಹಿಂದೆ ‘ಫೋಟೋಗೆ ಕಟ್ಟು ಹಾಕಿಸು’ ಅನ್ನುತ್ತಿದ್ದರು, ಈಗ ಅಂಗಡಿ ಹುಡುಗನಿಗೆ ಅದು ಅರ್ಥವೇ ಆಗಲಿಲ್ಲ. ಧಾರವಾಡ, ಮಂಗಳೂರು, ಕಲಬುರಗಿ ಕಡೆಯವರು ಏನನ್ನುತ್ತೀರಿ? ‘ಚೌಕಟ್ಟು’ ಅಂತ ಮಾತ್ರ ಹೇಳಬೇಡಿ. ಅದನ್ನು ಕೇಳಿ ಆ ಹುಡುಗ, "ಸಾರ್, ಬಾಗಿಲಿನ ಕೆಲಸ ನಾವು ಮಾಡಲ್ಲ" ಅಂದ.