ಗಾರೆ ಅಂದರೆ ಸುಣ್ಣವೋ, ಸಿಮೆಂಟೋ?

ಎಲ್ಲರಿಗೂ ನಮಸ್ಕಾರ.

ನಮ್ಮೂರಿನ ಹಳೇ ಕಲ್ಯಾಣಿಯ ತಡೆಗೋಡೆ ದುರಸ್ತಿಗೆ ಕೆಲಸದವರಿಗೆಂದು ಒಂದು ಪುಟದ ಸೂಚನೆ ಬರೆದುಕೊಟ್ಟಿದ್ದೆ. ‘ಕಲ್ಲಿನ ಸಂದುಗಳನ್ನು ಗಾರೆಯಿಂದ ತುಂಬಿ’ ಅಂತ ಅದರಲ್ಲಿತ್ತು. ಮರುದಿನ ಹೋಗಿ ನೋಡಿದರೆ ಒಂದು ಮಾರಿನಷ್ಟು ಉದ್ದಕ್ಕೆ ಸಿಮೆಂಟ್ ಮೆತ್ತಿಯಾಗಿತ್ತು. ‘ಗಾರೆ ಅಂತ ನೀವೇ ಬರೆದಿದ್ದೀರಲ್ಲ ಸಾರ್’ ಅಂದರು ಮೇಸ್ತ್ರಿ. ಅವರ ತಪ್ಪೇನೂ ಇಲ್ಲ. ಪೂರ್ತಿ ಗಟ್ಟಿಯಾಗುವ ಮೊದಲೇ ಕೆರೆದು ತೆಗೆಸಿದೆವು. ಆದರೂ ಒಂದು ಕಲ್ಲಿನ ಅಂಚು ಚಕ್ಕೆ ಎದ್ದು ಬಂತು. ತುಂಬಾ ಬೇಜಾರಾಯಿತು.

ಮೊದಲು ಗಾರೆ ಎಂದರೆ ಸುಣ್ಣ, ಮರಳು ಕಲಸಿ ಅರೆದದ್ದು. ತಮಿಳಿನ ‘ಕಾರೈ’ ಕೂಡ ಸುಣ್ಣದ್ದೇ. ಈಗ ‘ಗಾರೆ ಕೆಲಸ’ ಅಂದರೆ ಸಿಮೆಂಟ್ ಕೆಲಸ, ಅಲ್ವಾ? ಹೊಸ ಮನೆಗೆ ಇದರಿಂದ ತೊಂದರೆಯಿಲ್ಲ. ಹಳೇ ತಡೆಗೋಡೆಗೆ ಇದೆ. ಮಳೆಗಾಲದಲ್ಲಿ ಅದರ ಹಿಂದಿನ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ. ಸುಣ್ಣದ ಸಂದಿನಿಂದ ಆ ತೇವ ನಿಧಾನಕ್ಕೆ ಹೊರಗೆ ಬರುತ್ತದೆ. ಸಿಮೆಂಟ್ ಹಾಕಿ ಬಿಗಿದರೆ ನೀರು ಒಳಗೇ ನಿಂತು ಗೋಡೆಯನ್ನು ಮುಂದಕ್ಕೆ ತಳ್ಳುತ್ತದೆ, ಗೋಡೆ ಹೊಟ್ಟೆ ಬಿಡುತ್ತದೆ.

ಕಾನೂನಿನಲ್ಲೂ ಪದಕ್ಕೆ ತೂಕವಿದೆ. ಕೇಂದ್ರ ಸರ್ಕಾರ ರಕ್ಷಿಸಿದ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಇದ್ದದ್ದರ ದುರಸ್ತಿಗೆ ಅನುಮತಿ ಕೇಳಬಹುದು. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಲ್ಲಿ ‘ಕಟ್ಟುವುದು’, ‘ದುರಸ್ತಿ’ ಎರಡಕ್ಕೂ ಬೇರೆ ಬೇರೆ ಅರ್ಥ ಕೊಟ್ಟಿದ್ದಾರೆ. ಹಾಗಾಗಿ ಅಂಥ ಅನುಮತಿಯ ಅರ್ಜಿಯಲ್ಲಿ ಸುಮ್ನೆ ‘ಜೀರ್ಣೋದ್ಧಾರ’ ಅಂತ ಬರೆಯಲು ನನಗೆ ಮನಸ್ಸಿಲ್ಲ. ಆ ಪದದೊಳಗೆ ಕೆಡವಿ ಕಟ್ಟುವುದೂ ಸೇರಿಕೊಳ್ಳುತ್ತದೆ.

ಈಗ ನನ್ನ ಪ್ರಶ್ನೆ. ಸೂಚನೆಯಲ್ಲಿ ‘ಸುಣ್ಣದ ಗಾರೆ’ ಎಂದು ಬರೆದರೆ ಸಾಕೇ? ‘ಗಚ್ಚು’ ಎನ್ನಬಹುದು, ಆದರೆ ನಮ್ಮ ಕಡೆಯ ಹುಡುಗರಿಗೆ ಅದು ಗೊತ್ತೇ ಇಲ್ಲ. ‘ಸುರ್ಕಿ’ ಎಂದರೆ ಇಟ್ಟಿಗೆ ಪುಡಿ ಬೆರೆಸಿದ್ದು, ಕೆ.ಆರ್.ಎಸ್. ಅಣೆಕಟ್ಟಿಗೆ ಬಳಸಿದ್ದು. ನಮ್ಮ ಗೋಡೆಯಲ್ಲಿ ಇಟ್ಟಿಗೆ ಪುಡಿಯ ಕೆಂಪು ಕಾಣುವುದಿಲ್ಲ, ಹಾಗಾಗಿ ಅದು ಹೊಂದುವುದಿಲ್ಲ.

ಬೀದರ್, ವಿಜಯಪುರದ ಕಡೆ ‘ಗಚ್ಚು’ ಅಂದರೆ ಇವತ್ತಿಗೂ ಸುಣ್ಣದ್ದೇನಾ? ಕರಾವಳಿಯಲ್ಲಿ ಏನನ್ನುತ್ತೀರಿ? ಮನೆಯಲ್ಲಿ ಕಲ್ಲುಕೆಲಸ ಮಾಡಿದ ಹಿರಿಯರಿದ್ದರೆ ದಯವಿಟ್ಟು ಕೇಳಿ ತಿಳಿಸಿ. ಸೋಮವಾರ ಕೆಲಸ ಮತ್ತೆ ಶುರುವಾಗುತ್ತದೆ. ಅಷ್ಟರಲ್ಲಿ ಸೂಚನೆ ತಿದ್ದಿ ಕೊಡಬೇಕು.