ಕಪ್ ಲೆಕ್ಕವನ್ನು ಗ್ರಾಂಗೆ ಹೇಗೆ ಹೊಂದಿಸುತ್ತೀರಿ? ನಿಮ್ಮ ಅನುಭವ ಹೇಳಿ

ಪ್ರಶ್ನೆ: 100 ಮಿಲಿ ನೀರು ಅಂದರೆ 100 ಗ್ರಾಂ ಅಂತ ಗೊತ್ತು. ಹಿಟ್ಟು, ಸಕ್ಕರೆ, ಎಣ್ಣೆಗೂ ಹೀಗೇನಾ? ಕೇಕ್ ರೆಸಿಪಿಗಳಲ್ಲಿ ಕೆಲವು ಕಪ್‌ನಲ್ಲಿವೆ, ಕೆಲವು ಗ್ರಾಂನಲ್ಲಿವೆ. ನೀವೆಲ್ಲ ಏನು ಮಾಡುತ್ತೀರಿ?

ಉತ್ತರ 1: ಇಲ್ಲ, ಆ ಲೆಕ್ಕ ನೀರಿಗಷ್ಟೇ. ಅದೂ ಸುಮ್ನೆ ಹೊಂದಿಕೊಂಡಿದ್ದಲ್ಲ. 1795ರಲ್ಲಿ ಫ್ರಾನ್ಸ್‌ನಲ್ಲಿ ಗ್ರಾಂ ಎಷ್ಟಿರಬೇಕು ಅಂತ ಗೊತ್ತು ಮಾಡಿದ್ದೇ ಒಂದು ಘನ ಸೆಂಟಿಮೀಟರ್, ಅಂದರೆ 1 ಮಿಲಿ, ತಣ್ಣೀರಿನ ತೂಕದಿಂದ. ಬೇರೆ ಪದಾರ್ಥಗಳ ದಾರಿ ಬೇರೆ. 240 ಮಿಲಿ ಕಪ್‌ನಲ್ಲಿ ಸಕ್ಕರೆ ಸುಮಾರು 200 ಗ್ರಾಂ ಹಿಡಿಯುತ್ತದೆ, ಎಣ್ಣೆ 220ರ ಆಸುಪಾಸು, ಜೇನುತುಪ್ಪ 340ರ ತನಕ. ಹಾಲು ನೀರಿಗಿಂತ ಚೂರು ಜಾಸ್ತಿ, ಅಷ್ಟೇ. ಎಣ್ಣೆ ನೀರಿನ ಮೇಲೆ ತೇಲುತ್ತದೆ, ಜೇನು ತಳಕ್ಕಿಳಿಯುತ್ತದೆ ಅಲ್ವಾ? ಯಾವುದು ಹಗುರ, ಯಾವುದು ಭಾರ ಅನ್ನೋದು ಅದರಲ್ಲೇ ಗೊತ್ತಾಗುತ್ತದೆ.

ನಿಜವಾದ ತಲೆನೋವು ಹಿಟ್ಟಿನದು. ಮೈದಾ ಡಬ್ಬಿಯೊಳಗೆ ಕಪ್ ಅದ್ದಿ ಎತ್ತಿದರೆ ಹಿಟ್ಟು ಒತ್ತಿಕೊಂಡು ಕೂರುತ್ತದೆ, 150 ಗ್ರಾಂ ಮುಟ್ಟಬಹುದು. ಅದೇ ಮೈದಾವನ್ನು ಚಮಚದಲ್ಲಿ ಸಡಿಲವಾಗಿ ತುಂಬಿ, ಚಾಕುವಿನ ಬೆನ್ನಿನಿಂದ ಮಟ್ಟ ಮಾಡಿದರೆ 120, 125 ಅಷ್ಟೇ. ಕಪ್ ಅದೇ, ಹಿಟ್ಟೂ ಅದೇ. ಮೂರು ಕಪ್ ಹಾಕುವ ಕಡೆ 75 ಗ್ರಾಂ ಹೆಚ್ಚಾದರೆ ಕೇಕ್ ಗಟ್ಟಿಯಾಗದೆ ಇನ್ನೇನಾದೀತು? ದಯವಿಟ್ಟು ಹಿಟ್ಟನ್ನು ಮಾತ್ರ ತೂಗಿಯೇ ಹಾಕಿ. ಎಣ್ಣೆ, ಹಾಲು ಕಪ್‌ನಲ್ಲಿ ಅಳೆದರೂ ನಡೆಯುತ್ತದೆ.

ಉತ್ತರ 2: ಮೇಲಿನವರು ಹೇಳಿದ್ದು ಸರಿ. ಆದರೆ ಮೊದಲು ನಿಮ್ಮ ಕಪ್ ಎಷ್ಟು ಹಿಡಿಯುತ್ತದೆ ನೋಡಿಕೊಳ್ಳಿ. ಖಾಲಿ ಕಪ್ ತಕ್ಕಡಿ ಮೇಲಿಟ್ಟು ಸೊನ್ನೆಗೆ ತನ್ನಿ. ತುಂಬ ನೀರು ಹಾಕಿ. ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟೇ ಮಿಲಿ. ನಲ್ಲಿ ನೀರು ಸಾಕು, ಬಿಸಿನೀರು ಬೇಡ. ಕಾದಷ್ಟೂ ನೀರು ಹಿಗ್ಗುತ್ತದೆ, ಕುದಿಯುವ ಹೊತ್ತಿಗೆ ಒಂದು ಲೀಟರ್ ಸುಮಾರು 958 ಗ್ರಾಂ ಮಾತ್ರ ತೂಗುತ್ತದೆ.

ಇದೆಲ್ಲ ಯಾಕೆಂದರೆ, ಅಮೆರಿಕದ ಕಪ್ ಸುಮಾರು 237 ಮಿಲಿ, ಆಸ್ಟ್ರೇಲಿಯಾದ್ದು 250. ಅಲ್ಲಿನ ಟೇಬಲ್ ಚಮಚ 20 ಮಿಲಿ, ಬೇರೆ ಬಹುತೇಕ ಕಡೆ 15. ರೆಸಿಪಿ ಯಾವ ದೇಶದ್ದು ಅಂತ ನೋಡದೆ ಅಳೆಯಲು ಹೊರಟರೆ ಲೆಕ್ಕ ಅಲ್ಲೇ ತಪ್ಪುತ್ತದೆ. ಔನ್ಸ್ ಕಂಡರಂತೂ ಇನ್ನೂ ಜೋಪಾನ. ತೂಕದ ಔನ್ಸ್ 28.35 ಗ್ರಾಂ, ದ್ರವದ ಔನ್ಸ್ ಅಮೆರಿಕದಲ್ಲಿ 29.57 ಮಿಲಿ. ಹೆಸರು ಒಂದೇ, ಅಳತೆ ಬೇರೆ.

ಉತ್ತರ 3: ಎಲ್ಲದಕ್ಕೂ ತಕ್ಕಡಿಯೇ ಮೇಲು ಅಂತ ನಾನು ಒಪ್ಪಲ್ಲ. ಒಂದೊಂದು ಗ್ರಾಂ ತೋರಿಸುವ ತಕ್ಕಡಿಯಲ್ಲಿ 2 ಗ್ರಾಂ ಯೀಸ್ಟ್ ತೂಗಿದರೆ ಅದು ಒಂದೂವರೆಯೂ ಇರಬಹುದು, ಎರಡೂವರೆಯೂ ಇರಬಹುದು. ಅಂಥದ್ದಕ್ಕೆ ಮಟ್ಟ ಮಾಡಿದ ಟೀ ಚಮಚವೇ ವಾಸಿ. ಉಪ್ಪಿಗೆ ಮಾತ್ರ ಇದನ್ನು ಕಣ್ಣು ಮುಚ್ಚಿ ನಂಬಬೇಡಿ. ಪುಡಿ ಉಪ್ಪು ಒಂದು ಟೀ ಚಮಚಕ್ಕೆ ಸುಮಾರು 6 ಗ್ರಾಂ ಬರುತ್ತದೆ. ಹರಳು ದಪ್ಪವಾದಷ್ಟೂ ನಡುವೆ ಗಾಳಿ ಜಾಸ್ತಿ, ತೂಕ ಕಡಿಮೆ. ನೀವು ಯಾವಾಗಲೂ ಬಳಸುವ ಉಪ್ಪನ್ನು ಹತ್ತು ಚಮಚ ಹಾಕಿ ಒಟ್ಟಿಗೆ ತೂಗಿ, ಹತ್ತರಿಂದ ಭಾಗಿಸಿ, ಬಂದದ್ದನ್ನು ಡಬ್ಬಿ ಮೇಲೆ ಬರೆದಿಡಿ.